ಹಸಿರು ತಂತಿ ಯಾರದು

ನನ್ನ ಅಣ್ಣನನ್ನು ನಮ್ಮ ಬೀದಿಯವರೆಲ್ಲ ಡಾಕ್ಟರ್ ಎನ್ನುತ್ತಾರೆ. ಅವನು ಯಾರ ನಾಡಿಯನ್ನೂ ಹಿಡಿದವನಲ್ಲ. ಅಂಗಡಿಯ ನಾಮಫಲಕದ ಮೇಲೆ ‘ಹಳೆ ಕಂಪ್ಯೂಟರುಗಳ ಡಾಕ್ಟರ್’ ಎಂದು ತಾನೇ ಬರೆಸಿಕೊಂಡ, ಊರು ನಂಬಿತು. ನಾನು ಅವನ ಒಡಹುಟ್ಟಿದ ತಂಗಿ. ಬೆನ್ನ ಹಿಂದೆ ಆಡುವ ಮಾತಲ್ಲ ಇದು, ಅವನ ಮುಖಕ್ಕೇ ಹೇಳಿದ್ದೇನೆ, ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ. ಆ ಅಂಗಡಿಯಲ್ಲಿ ಡಾಕ್ಟರ್ ಅಂತ ಯಾರಾದರೂ ಇದ್ದರೆ ಅದು ನನ್ನ ಅತ್ತಿಗೆ. ಅಣ್ಣ ಏನಿದ್ದರೂ ಚೀಟಿ ಹರಿದು ಕೊಡುವವನು.

ಅಂಗಡಿ ನಮ್ಮ ಮನೆಯ ಮುಂಭಾಗದಲ್ಲೇ ಇದೆ. ಬೀದಿಗೆ ತೆರೆದ ಕೋಣೆಯಲ್ಲಿ ಅಣ್ಣನ ಕೌಂಟರು, ತಿರುಗುವ ಕುರ್ಚಿ, ಹಳದಿಗಟ್ಟಿದ ಕೀಬೋರ್ಡುಗಳ ರಾಶಿ. ಅದರ ಹಿಂದೆ ಒಂದೇ ಕಿಟಕಿಯ ಚಿಕ್ಕ ಕೋಣೆ. ಅತ್ತಿಗೆಯ ಮೇಜು ಅಲ್ಲಿ. ಅದಕ್ಕೆ ಅಂಟಿಕೊಂಡಂತೆ ನನ್ನ ಹೊಲಿಗೆ ಕೋಣೆ. ನಡುವಿನ ಗೋಡೆಯಲ್ಲಿ ಹಿಂದೆ ಯಾವಾಗಲೋ ಬಾಗಿಲಿತ್ತಂತೆ. ಅದನ್ನು ಎದೆಮಟ್ಟಕ್ಕೆ ಮುಚ್ಚಿ ಮೇಲಿನದನ್ನು ಹಾಗೇ ಬಿಟ್ಟಿದ್ದಾರೆ. ನನ್ನ ಮಿಷನ್ನು ನಿಂತರೆ ಆ ಕಡೆಯ ಪಿಸುಮಾತೂ ನನಗೆ ಕೇಳುತ್ತದೆ. ಹಾಗಾಗಿ ನಾನು ಹೇಳುವುದರಲ್ಲಿ ಯಾರೋ ಹೇಳಿದ್ದು ಅನ್ನುವುದು ಏನೂ ಇಲ್ಲ.

ಅತ್ತಿಗೆ ಗಡಿಯಾರ ರಿಪೇರಿಯವರ ಮಗಳು. ಹೆಣ್ಣು ನೋಡಲು ಹೋದ ದಿನ ನಮ್ಮಮ್ಮ ವಾಪಸು ಬರುವಾಗ ದಾರಿಯುದ್ದಕ್ಕೂ ಆಡಿಕೊಂಡದ್ದು ಆಕೆಯ ಕನ್ನಡಕದ ಬಗ್ಗೆಯೇ. ಅಷ್ಟು ದಪ್ಪ ಗಾಜು ಹಾಕಿದವಳು ಅಕ್ಕಿಯಲ್ಲಿ ಕಲ್ಲು ಹೇಗೆ ಆರಿಸುತ್ತಾಳೆ ಎಂದು ಅಮ್ಮನ ಚಿಂತೆ. ಮದುವೆಯಾದ ಮೇಲೆ ಅಣ್ಣ ಆಕೆಗೆ ‘ಸೋಡಾಬುಡ್ಡಿ’ ಎಂದು ಹೆಸರಿಟ್ಟ. ಗಿರಾಕಿಗಳ ಎದುರಿಗೂ ಹಾಗೇ ಕೂಗುತ್ತಿದ್ದ, ಅವರೂ ನಗುತ್ತಿದ್ದರು. ಆದರೆ ಆ ಕನ್ನಡಕ ತೆಗೆದರೆ ಅತ್ತಿಗೆಗೆ ದೂರದ್ದು ಏನೂ ಕಾಣದು, ಮೂಗಿನ ಹತ್ತಿರ ಹಿಡಿದದ್ದು ಮಾತ್ರ ಕೂದಲೆಳೆಯಷ್ಟಿದ್ದರೂ ಸ್ಪಷ್ಟ. ಬೇರೆಯವರು ಭೂತಕನ್ನಡಿ ಹುಡುಕುವ ಕಡೆ ಆಕೆ ಕನ್ನಡಕ ತೆಗೆದು ಪಕ್ಕಕ್ಕಿಡುತ್ತಾಳೆ. ಅಕ್ಕಿಯ ಕಲ್ಲಂತೂ ಯಾರ ಹಲ್ಲಿಗೂ ಸಿಕ್ಕಿಲ್ಲ ಅನ್ನಿ.

ಕೆಲಸ ಕಲಿಸಿದವನು ಅಣ್ಣನೇ. ಅದನ್ನು ನಾನು ಅಲ್ಲ ಅನ್ನುವುದಿಲ್ಲ. ಆಗ ಅವನ ಕೈಯೂ ಚೆನ್ನಾಗಿತ್ತು. ಈ ಹಳೆ ಕಂಪ್ಯೂಟರುಗಳೆಂದರೆ ನಮ್ಮ ಚಿಕ್ಕಂದಿನವು. ಕೆಲವರು ಅವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮತ್ತೆ ಓಡಬೇಕು ಎನ್ನುತ್ತಾರೆ. ಅವುಗಳ ಬೋರ್ಡಿನ ಮೇಲೆ ಕಪ್ಪು ಚಿಪ್ಪುಗಳು ಜರಿಹುಳದಂತೆ ಸಾಲುಗಾಲು ಊರಿಕೊಂಡು ಕೂತಿರುತ್ತವೆ. ಒಂದು ಕೆಟ್ಟರೆ ತೆಗೆದು ಬೇರೆಯದನ್ನು ಕೂರಿಸಬೇಕು. ತೆಗೆಯುವುದರಲ್ಲೇ ಇರುವುದು ಕಷ್ಟ. ಪ್ರತಿ ಕಾಲೂ ಬೋರ್ಡಿನ ತೂತಿನಲ್ಲಿ ಇಳಿದು, ಅಲ್ಲಿ ಹಳೆಯ ಬೆಸುಗೆ ಬೂದು ಬಣ್ಣಕ್ಕೆ ತಿರುಗಿ ಕಲ್ಲಾಗಿರುತ್ತದೆ. ಸೋಲ್ಡರಿಂಗ್ ಐರನ್ನಿನ ಬಿಸಿ ಮೊನೆ ಇಟ್ಟರೂ ಬೇಗ ಕರಗುವುದಿಲ್ಲ. ಕರಗಲಿಲ್ಲವೆಂದು ಎಳೆದರೆ ತೂತಿನ ಸುತ್ತ ಇರುವ ತಾಮ್ರದ ಸಣ್ಣ ಬಳೆ ಕಾಲಿನ ಜೊತೆ ಕಿತ್ತು ಬರುತ್ತದೆ. ಬಳೆ ಹೋದರೆ ಅಲ್ಲಿಂದ ಹೊರಟ ಕರೆಂಟಿನ ದಾರಿಯೂ ಹೋಯಿತು.

ಅದಕ್ಕೆ ಉಪಾಯ ಕೇಳಿದರೆ ನಗು ಬರುತ್ತದೆ. ಹಳೆ ಬೆಸುಗೆ ತೆಗೆಯಬೇಕಾದರೆ ಮೊದಲು ಅದಕ್ಕೆ ಹೊಸ ಬೆಸುಗೆ ಉಣಿಸಬೇಕು. ಹೊಸದು ಕರಗಿ ಹಳೆಯದರೊಳಗೆ ಸೇರಿದಾಗ ಎರಡೂ ಒಟ್ಟಿಗೆ ನೀರಾಗುತ್ತವೆ, ಪಳಪಳ ಹೊಳೆಯುತ್ತವೆ. ಆಗ ಸ್ಪ್ರಿಂಗಿನ ಪಂಪು ಇಟ್ಟು ‘ಟಕ್’ ಎಂದು ಎಳೆದುಕೊಳ್ಳಬೇಕು. ಉಳಿದ ಚೂರುಪಾರಿಗೆ ತಾಮ್ರದ ಜಡೆ, ಅಂದರೆ ಸಣ್ಣ ತಂತಿಗಳನ್ನು ಹೆಣೆದ ಪಟ್ಟಿ. ಬಿಸಿ ಮಾಡಿ ಒತ್ತಿದರೆ ಬತ್ತಿ ಎಣ್ಣೆ ಹೀರಿದಂತೆ ಹೀರುತ್ತದೆ. ಕೊನೆಗೆ ಪ್ರತಿ ಕಾಲನ್ನೂ ಇಕ್ಕಳದ ತುದಿಯಿಂದ ಮೆಲ್ಲಗೆ ಅಲ್ಲಾಡಿಸಿ ನೋಡಬೇಕು. ಎಲ್ಲವೂ ಸಡಿಲವಾಗಿದ್ದರೆ ಚಿಪ್ಪು ತಾನೇ ಕೈಗೆ ಬರುತ್ತದೆ. ಎಳೆಯುವುದು ಅನ್ನುವ ಕೆಲಸವೇ ಇಲ್ಲ. ಅತ್ತಿಗೆ ಇದನ್ನು ಮಾಡುವಾಗ ನಾನು ಬಿಚ್ಚಬೇಕಾದ ಹೊಲಿಗೆ ಹಿಡಿದು ಆ ಗೋಡೆಯ ಹತ್ತಿರ ಕೂರುತ್ತಿದ್ದೆ. ಹೊಲಿಯುವುದು ಯಾರಿಗೂ ಬರುತ್ತದೆ ಮಾರಾಯರೇ, ಬಟ್ಟೆ ಹರಿಯದಂತೆ ಬಿಚ್ಚಲು ಬರಬೇಕು.

ಆಕೆ ಪಳಗಿದ ಹಾಗೆಲ್ಲ ಅಣ್ಣ ಮುಂದಿನ ಕೋಣೆಗೆ ಜರುಗಿದ. ಮೊದಲು ಫೋನು ಎತ್ತಲು, ಆಮೇಲೆ ಗಿರಾಕಿಗಳ ಜೊತೆ ಹರಟಲು, ಆಮೇಲೆ ಹಳೆ ಯಂತ್ರಗಳ ಹುಚ್ಚಿನವರ ಸಭೆಗಳಲ್ಲಿ ಭಾಷಣ ಮಾಡಲು. ಐರನ್ನು ಹಿಡಿದು ಎಷ್ಟು ಕಾಲವಾಯಿತು ಎಂದು ಅವನಿಗೇ ಗೊತ್ತಿಲ್ಲ. ಸಭೆಯಲ್ಲಿ ಮಾತ್ರ ‘ನಾನು ಬೆಸುಗೆ ತೆಗೆಯುವ ಕ್ರಮ’ ಎಂದು ಶುರು ಮಾಡಿದರೆ ಕೇಳುವವರು ತಲೆದೂಗಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಈಗ ತಂತಿಯ ವಿಷಯ. ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ದಾರಿ ತಿಂದುಹೋಗಿದ್ದರೆ ಅದರ ಬದಲು ಅಡಿಭಾಗದಲ್ಲಿ ಸಣ್ಣ ತಂತಿ ಎಳೆಯಬೇಕಾಗುತ್ತದೆ. ಈ ಕಸುಬಿನವರಲ್ಲಿ ಒಬ್ಬೊಬ್ಬರದು ಒಂದೊಂದು ಬಣ್ಣ. ಬೋರ್ಡು ಮಗುಚಿ ನೋಡಿದರೆ ಯಾರ ಕೈ ಆಡಿದೆ ಎಂದು ಇನ್ನೊಬ್ಬ ರಿಪೇರಿಯವನಿಗೆ ತಿಳಿಯಬೇಕು. ಒಳ್ಳೆಯದಾಗಿದ್ದರೆ ಹೆಸರು, ಕೆಟ್ಟದ್ದಾಗಿದ್ದರೆ ಬೈಗುಳ, ಎರಡೂ ಆ ಬಣ್ಣಕ್ಕೇ. ಅಣ್ಣನದು ಹಸಿರು. ಅತ್ತಿಗೆ ಮೊದಮೊದಲು ತನ್ನ ಅಪ್ಪನ ಅಂಗಡಿಯಿಂದ ತಂದ ಕೆಂಪು ತಂತಿಯ ಉಂಡೆಯಿಂದ ಎಳೆಯುತ್ತಿದ್ದಳು. ಒಂದು ಸಲ ಗಿರಾಕಿಯೊಬ್ಬ ಬೋರ್ಡು ಮಗುಚಿ, ಈ ಕೆಂಪು ಯಾರದು, ಇಷ್ಟು ನೇರವಾಗಿ ಎಳೆದಿದ್ದಾರಲ್ಲ ಎಂದು ಕೇಳಿದ. ಅಣ್ಣನಿಗೆ ಅದು ಹಿಡಿಸಲಿಲ್ಲ. ಒಂದು ಅಂಗಡಿಗೆ ಒಂದೇ ಬಣ್ಣ ಎಂದು ಅಂದೇ ಕಟ್ಟಪ್ಪಣೆಯಾಯಿತು. ಕೆಂಪು ಉಂಡೆ ಮೇಜಿನ ಕೆಳಗಿನ ಡ್ರಾಯರು ಸೇರಿತು. ಆಮೇಲೆ ವರ್ಷಗಟ್ಟಲೆ ಅತ್ತಿಗೆ ಎಳೆದದ್ದೆಲ್ಲ ಹಸಿರು, ಹೆಸರು ಬಂದದ್ದೆಲ್ಲ ಅಣ್ಣನಿಗೆ.

ನಾನು ಜಗಳ ತೆಗೆದೆ. ಅಮ್ಮ ನನ್ನನ್ನೇ ಗದರಿದಳು. ಗಂಡನ ಹೆಸರು ಬೇರೆ, ಹೆಂಡತಿಯ ಹೆಸರು ಬೇರೆ ಅಂತ ಇರುತ್ತಾ, ನಾದಿನಿಯ ನಾಲಿಗೆ ಇಷ್ಟುದ್ದ ಇರಬಾರದು ಎಂದಳು. ಸೊಸೆಯ ಕೆಲಸಕ್ಕೆ ಮಗನ ಹೆಸರು ಹಚ್ಚಿದರೆ ಒಂದೇ ಮನೆ, ಮಗನ ತಪ್ಪಿಗೆ ಸೊಸೆಯ ಹೆಸರು ಹಚ್ಚಿದರೂ ಒಂದೇ ಮನೆ. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅತ್ತಿಗೆ ಮಾತ್ರ ಹಸಿರು ಉಂಡೆಯಿಂದ ಇನ್ನೊಂದು ತುಂಡು ಕತ್ತರಿಸಿದಳು.

ಹೀಗಿರುವಾಗ ಊರಿನ ಆ ತುದಿಯಲ್ಲಿ ಹಳೆ ಯಂತ್ರಗಳ ಸಂಗ್ರಹಾಲಯವೊಂದು ತೆರೆಯಿತು. ಅದನ್ನು ನೋಡಿಕೊಳ್ಳುವ ಮೇಡಂ ಒಂದು ದಿನ ಅಂಗಡಿಗೆ ಬಂದರು. ಕೈಯಲ್ಲಿ ಹತ್ತಿಬಟ್ಟೆ ಸುತ್ತಿದ ಬೋರ್ಡು. ಅಂಥ ಯಂತ್ರ ಈಗ ಎಲ್ಲೂ ಸಿಗುವುದಿಲ್ಲ, ಅದರ ಒಂದು ಚಿಪ್ಪು ಸತ್ತಿದೆ, ಬದಲಿ ಚಿಪ್ಪು ತಂದಿದ್ದೇನೆ ಎಂದರು. ಇದನ್ನು ಸರಿ ಮಾಡಿದವರಿಗೆ ಸಂಗ್ರಹಾಲಯದಲ್ಲೇ ಒಂದು ಮೇಜು, ಖಾಯಂ ಕೆಲಸ, ಅಲ್ಲಿನ ಎಲ್ಲ ಯಂತ್ರಗಳ ಜವಾಬ್ದಾರಿ. ಹಸಿರು ತಂತಿಯ ಕೆಲಸ ಹಲವು ಬೋರ್ಡುಗಳಲ್ಲಿ ನೋಡಿದ್ದೇನೆ, ಆ ಕೈ ನನಗೆ ಬೇಕು ಎಂದರು. ಅಣ್ಣ ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, ನೀವು ಸರಿಯಾದ ಕಡೆಗೇ ಬಂದಿದ್ದೀರಿ ಎಂದ. ಹಿಂದಿನ ಕೋಣೆಯಲ್ಲಿ ಅತ್ತಿಗೆಯ ಪಂಪಿನ ಸದ್ದು ನಿಂತದ್ದು ನನಗೆ ಕೇಳಿಸಿತು.

ಮೇಡಂ ಹೋದ ಮೇಲೆ ಅವನು ಬೋರ್ಡು ತಂದು ಅತ್ತಿಗೆಯ ಮುಂದಿಟ್ಟ. ಆಕೆ ಮುಟ್ಟಲಿಲ್ಲ. ಅಲ್ಲಿಗೆ ಕೆಲಸಕ್ಕೆ ಯಾರು ಹೋಗುವುದು ಎಂದು ಕೇಳಿದಳು. ತಾನೇ ಹೋಗುವುದು, ಸಂಜೆ ಬೋರ್ಡುಗಳನ್ನು ಮನೆಗೆ ತರುವುದು, ಆಕೆ ಮಾಡಿಕೊಡುವುದು, ಇದರಲ್ಲಿ ಕೇಳುವುದೇನಿದೆ ಎಂದ. ನಾನು ಈ ಕಡೆ ಕತ್ತರಿ ಹಿಡಿದುಕೊಂಡು ನಿಂತುಬಿಟ್ಟೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅತ್ತಿಗೆ ಎದುರಾಡಿದಳು.

“ನನಗೆ ಆ ಮೇಜು ಬೇಕು ಕಣ್ರೀ. ಅವರು ಕೇಳ್ತಿರೋದು ನನ್ನ ಕೈನ. ನೀವೇ ಹೋಗೋದಾದ್ರೆ ಈ ಬೋರ್ಡೂ ನೀವೇ ಮಾಡಿ.”

ಹೇಳಿ ಕನ್ನಡಕ ಹಾಕಿಕೊಂಡು ಅಮ್ಮನ ಔಷಧಿ ತರಲು ಹೊರಟೇಬಿಟ್ಟಳು. ಅಣ್ಣನ ಮುಖ ನೋಡಬೇಕಿತ್ತು. ನನಗೇ ಕಲಿಸಲು ಬರುತ್ತಾಳೆ, ಇವಳಿಗೆ ಐರನ್ನು ಹಿಡಿಯಲು ಕಲಿಸಿದವನು ಯಾರು ಎಂದು ಗೋಡೆಗೆ ಹೇಳಿಕೊಂಡ. ಆಮೇಲೆ ಆಕೆಯ ಕುರ್ಚಿಯಲ್ಲಿ ಕೂತು ಐರನ್ನು ಬಿಸಿಗಿಟ್ಟ. ಅವನಿಗೆ ಕ್ರಮ ಗೊತ್ತಿಲ್ಲವೆಂದಲ್ಲ. ಸಭೆಯಲ್ಲಿ ಬಾಯಿಪಾಠ ಒಪ್ಪಿಸುತ್ತಾನಲ್ಲ. ಸಿಟ್ಟಿನಲ್ಲಿದ್ದ, ಕೈಯ ರೂಢಿ ಬಿಟ್ಟುಹೋಗಿತ್ತು, ಆಕೆ ಬರುವುದರೊಳಗೆ ಮುಗಿಸಿ ತೋರಿಸಬೇಕಿತ್ತು. ಹೊಸ ಬೆಸುಗೆ ಉಣಿಸಲಿಲ್ಲ. ನೇರ ಪಂಪು ಇಟ್ಟ. ಮೇಲಿನದು ಬಂತು, ತೂತಿನೊಳಗಿನದು ಉಳಿಯಿತು. ಒಂದೆರಡು ಕಾಲುಗಳು ಬೋರ್ಡಿನ ಅಗಲವಾದ ತಾಮ್ರದ ಹಾಳೆಗೆ ಸೇರಿರುತ್ತವೆ, ಅಲ್ಲಿ ಎಷ್ಟು ಬಿಸಿ ಕೊಟ್ಟರೂ ಹಾಳೆಯೇ ಕುಡಿದುಬಿಡುತ್ತದೆ. ಅವನು ಐರನ್ನಿನ ಬಿಸಿ ಏರಿಸಿದ. ಸುಟ್ಟ ವಾಸನೆ ನನ್ನ ಕೋಣೆಗೂ ಬಂತು. ಆಮೇಲೆ ಇಕ್ಕಳ ಹಾಕಿ ಹಲ್ಲು ಕಿತ್ತ ಹಾಗೆ ಕಿತ್ತ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನಾನು ಗೋಡೆಯ ಮೇಲಿಂದ ಇಣುಕಿದೆ. ಚಿಪ್ಪು ಇಕ್ಕಳದಲ್ಲಿ ನೇತಾಡುತ್ತಿತ್ತು, ಅದರ ಕಾಲುಗಳಲ್ಲಿ ತಾಮ್ರದ ಬಳೆಗಳು ಸಿಕ್ಕಿಕೊಂಡಿದ್ದವು. ಎಲ್ಲೂ ಸಿಗದ ಬೋರ್ಡು ಅದು. ಅವನು ನನ್ನ ಕಡೆ ನೋಡಲಿಲ್ಲ. ಚಿಪ್ಪನ್ನು ಕಸದ ತಟ್ಟೆಗೆ ಹಾಕಿ ಮುಂದಿನ ಕೋಣೆಗೆ ಹೋಗಿ ಫೋನು ತಿರುಗಿಸಿದ. ಪಾಪ, ಮೇಡಂ ಹತ್ತಿರ ಒಪ್ಪಿಕೊಳ್ಳುತ್ತಾನೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು.

“ಸ್ವಲ್ಪ ಎಡವಟ್ಟಾಗಿದೆ ಮೇಡಂ. ನಾನಿಲ್ಲದಾಗ ನಮ್ಮ ಮನೆಯವಳು ಕೈ ಹಾಕಿಬಿಟ್ಟಿದ್ದಾಳೆ. ಅವಳ ಕೈಲೇ ಸರಿ ಮಾಡ್ಸಿ ಇಟ್ಟಿರ್ತೀನಿ, ನಾಳೆ ಬನ್ನಿ.”

ನನ್ನ ಪಿತ್ತ ನೆತ್ತಿಗೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ನೆಲವನ್ನು ದೂರಿದಳು, ಇವನು ಕಟ್ಟಿಕೊಂಡ ಹೆಂಡತಿಯನ್ನು ದೂರಿದ. ಆಕೆಯ ಆಸೆ ಆ ಒಂದು ಮೇಜು. ಅದು ತನಗೆ ಸಿಗದಿದ್ದರೆ ಆಕೆಗೂ ಸಿಗಬಾರದು, ಅಷ್ಟೇ ತಾನೇ? ಅತ್ತಿಗೆ ಹೊಸ್ತಿಲು ದಾಟುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಫೋನಿನ ಮಾತನ್ನೂ ಬಿಡದೆ. ಆಕೆ ಔಷಧಿಯ ಚೀಲ ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಕನ್ನಡಕ ತೆಗೆದು ಬೋರ್ಡನ್ನು ಮೂಗಿನ ಹತ್ತಿರ ಹಿಡಿದಳು. ಬಹಳ ಹೊತ್ತು ನೋಡಿದಳು. ಹೀಗೇ ಬಿಟ್ಟು ಎದ್ದುಬನ್ನಿ, ಅವನೇ ಅನುಭವಿಸಲಿ ಎಂದೆ ನಾನು. ಬೋರ್ಡು ಏನು ತಪ್ಪು ಮಾಡಿದೆ ಎಂದಳು.

ಆಮೇಲೆ ಕೆಲಸಕ್ಕೆ ಕೂತಳು. ಅಣ್ಣ ಬಿಟ್ಟುಹೋದ ಹಳೆ ಬೆಸುಗೆ ತೂತುಗಳಲ್ಲಿ ಅರ್ಧಂಬರ್ಧ ಸುಟ್ಟು ಕೂತಿತ್ತು. ಒಂದೊಂದಕ್ಕೂ ಬೆಸುಗೆ ಸಲೀಸಾಗಿ ಹರಿಯಲೆಂದು ಫ್ಲಕ್ಸ್ ಎಂಬ ಅಂಟು ಹಚ್ಚಿ, ಹೊಸ ಬೆಸುಗೆ ಉಣಿಸಿ, ಅದು ಹೊಳೆಯುವವರೆಗೆ ಕಾದು ಎಳೆದಳು. ತಾಮ್ರದ ಹಾಳೆಗೆ ಸೇರಿದ ತೂತುಗಳಿಗೆ ಬೋರ್ಡನ್ನೇ ಕೆಳಗಿನಿಂದ ಬೆಚ್ಚಗೆ ಮಾಡಿಕೊಂಡಳು. ಅವಸರವೆಂಬುದು ಎಳ್ಳಷ್ಟೂ ಇರಲಿಲ್ಲ. ಕಿಟಕಿಗೆ ಹಿಡಿದರೆ ಪ್ರತಿ ತೂತಿನಲ್ಲೂ ಬೆಳಕು ಕಾಣುವಷ್ಟು ಶುದ್ಧ ಮಾಡಿ, ಹೊಸ ಸಾಕೆಟ್ಟು ಕೂರಿಸಿ, ಬದಲಿ ಚಿಪ್ಪು ಅದರಲ್ಲಿಟ್ಟಳು. ಉಳಿದದ್ದು ಕಿತ್ತುಹೋದ ದಾರಿಗಳಿಗೆ ತಂತಿ ಎಳೆಯುವುದು.

ಆಗ ಅಣ್ಣ ಒಳಗೆ ಬಂದ. ಬಗ್ಗಿ ಕೆಳಗಿನ ಡ್ರಾಯರು ಎಳೆದ. ವರ್ಷಗಳಿಂದ ಮುಟ್ಟದ ಆ ಕೆಂಪು ಉಂಡೆ ತೆಗೆದು, ಧೂಳು ಊದಿ, ಆಕೆಯ ಮುಂದಿಟ್ಟ.

“ಇದಕ್ಕೆ ಕೆಂಪು ಹಾಕು. ನಿನ್ನ ಬಣ್ಣ ನಿನಗೆ ಇಷ್ಟ ಅಲ್ವಾ.”

ಕೇಳಿದಿರಾ? ಬೋರ್ಡು ಸೋರಿದ್ದಲ್ಲ, ತಿಂದುಹೋದದ್ದಲ್ಲ. ಅಂಥ ಬೋರ್ಡಿನಲ್ಲಿ ತಂತಿ ಕಂಡರೆ ಯಾರದೋ ಕೈ ಜಾರಿದೆ ಎಂದೇ ಅರ್ಥ. ಒಳ್ಳೆಯ ಕೆಲಸಕ್ಕೆಲ್ಲ ಬೇಡವಾಗಿದ್ದ ಆಕೆಯ ಬಣ್ಣ ಈಗ ಅವನು ಕೆಡಿಸಿದ ಒಂದು ಬೋರ್ಡಿಗೆ ಬೇಕಾಯಿತು. ನನ್ನ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ಕೆಂಪು ಉಂಡೆಯನ್ನು ಕೈಗೆತ್ತಿಕೊಂಡು ಒಮ್ಮೆ ಸವರಿ ಪಕ್ಕಕ್ಕಿಟ್ಟಳು. ಹಸಿರು ಉಂಡೆ ಎಳೆದುಕೊಂಡು ಅಳತೆಗೆ ಕತ್ತರಿಸತೊಡಗಿದಳು. ಒಂದು ಅಂಗಡಿಗೆ ಒಂದೇ ಬಣ್ಣ ಅಂದಿದ್ದಿರಲ್ಲ ಎಂದಷ್ಟೇ ಹೇಳಿದಳು. ಅಣ್ಣ ಡ್ರಾಯರು ಮುಚ್ಚಿ ಹೊರಟುಹೋದ.

ಮಾರನೆಯ ದಿನ ಮೇಡಂ ಬಂದರು. ನಾನು ಹೊಲಿಗೆ ಬಿಟ್ಟು ಮುಂದಿನ ಕೋಣೆಗೇ ಹೋಗಿ ನಿಂತೆ, ಯಾರು ಏನಂದುಕೊಂಡರೂ ಅಂದುಕೊಳ್ಳಲಿ ಎಂದು. ಅತ್ತಿಗೆ ಬೋರ್ಡಿಗೆ ಕರೆಂಟು ಕೊಟ್ಟಳು, ಪರದೆ ಬೆಳಗಿತು, ಅಕ್ಷರ ಮೂಡಿತು. ಮೇಡಂ ಸ್ವಿಚ್ಚು ಆರಿಸಿ, ಬೋರ್ಡನ್ನು ಮಗುಚಿದರು. ಹಸಿರು ತಂತಿಗಳು ಒಂದಕ್ಕೊಂದು ತಾಗದೆ, ಮೂಲೆಗಳಲ್ಲಿ ಚೊಕ್ಕವಾಗಿ ಮಡಚಿ ಸಾಲಾಗಿ ಹೋಗಿದ್ದವು.

ಮೇಡಂ ಅಣ್ಣನ ಕಡೆ ತಿರುಗಿದರು. “ಇದು ನಿಮ್ಮ ಬಣ್ಣ ಅಲ್ವಾ? ಮನೆಯವರು ಕೈ ಹಾಕಿದ್ರು, ಸರಿ ಮಾಡೋದೂ ಅವರೇ ಅಂದ್ರಿ.”

ಅಣ್ಣ ಕುರ್ಚಿಯಿಂದ ಎದ್ದ. ಹಸಿರು ನನ್ನದು ಎಂದರೆ ಕಿತ್ತದ್ದೂ ತಾನೇ ಎಂದಾಗುತ್ತದೆ. ಅವಳದು ಎಂದರೆ ಊರಿನ ಬೋರ್ಡುಗಳಲ್ಲಿರುವ ಹಸಿರೆಲ್ಲ ಅವಳದಾಗುತ್ತದೆ. ಹಿಂದೆ ಹೋದರೆ ಬಾವಿ, ಮುಂದೆ ಹೋದರೆ ಕೆರೆ. ಅವನು ನನ್ನನ್ನು ನೋಡಿದ. ನಾನು ನೆಟ್ಟ ದೃಷ್ಟಿ ಕದಲಿಸಲಿಲ್ಲ. ಅತ್ತಿಗೆ ಕನ್ನಡಕದ ಗಾಜು ಒರೆಸುತ್ತಿದ್ದಳು.

“ಹಸಿರು ತಂತಿ ಅವಳೇ ಎಳೆಯೋದು,” ಎಂದ ಅಣ್ಣ ಕೊನೆಗೆ. “ಯಾವಾಗಲೂ ಅವಳೇ. ಅದಕ್ಕೇ ಹೇಳಿದ್ದು, ಇದೂ ಅವಳದೇ ಕೆಲಸ ಅಂತ.”

ಒಂದು ತಪ್ಪನ್ನು ದಾಟಿಸಲು ಹೋಗಿ ಅಷ್ಟು ವರ್ಷದ ಹೆಸರನ್ನೇ ದಾಟಿಸಿಬಿಟ್ಟ. ತಪ್ಪೊಂದನ್ನು ಒಪ್ಪಿಕೊಳ್ಳುವುದು ಇಂಥವರಿಗೆ ಅಷ್ಟು ಕಷ್ಟ ನೋಡಿ. ಮೇಡಂ ತಂತಿಗಳನ್ನು ಇನ್ನೊಮ್ಮೆ ನೋಡಿ ಅತ್ತಿಗೆಗೆ ಹೇಳಿದರು, ಒಂದು ಸಲ ಕೈ ಜಾರಿದ್ದಕ್ಕೆ ಪರವಾಗಿಲ್ಲ, ಉಳಿದದ್ದೆಲ್ಲ ನಾನು ಕಂಡಿದ್ದೇನೆ, ಮೇಜು ನಿಮಗೇ, ಬನ್ನಿ ಎಂದು. ಬೇರೆ ಯಾರಾದರೂ ಆಗಿದ್ದರೆ ಸರಿ ಎಂದು ಕೈಮುಗಿದು ಹೊರಡುತ್ತಿದ್ದರು. ನಾನಾಗಿದ್ದರೂ ಹೊರಡುತ್ತಿದ್ದೆನೋ ಏನೋ.

ಅತ್ತಿಗೆ ಕನ್ನಡಕ ಹಾಕಿಕೊಂಡಳು. “ಎಳೆದಿದ್ದು ನಾನು, ಮೇಡಂ. ಕಿತ್ತಿದ್ದು ನಾನಲ್ಲ. ನನ್ನ ಕೈ ಜಾರಿದೆ ಅಂತ ಇಟ್ಕೊಂಡು ನನ್ನ ಕರೀಬೇಡಿ.”

ಅಣ್ಣ ಏನೋ ಹೇಳಲು ಬಾಯಿ ತೆರೆದ. ನಾನು ಒಳಗೆ ಹೋಗಿ ಕಸದ ತಟ್ಟೆಯನ್ನೇ ತಂದು ಕೌಂಟರಿನ ಮೇಲೆ ಇಟ್ಟೆ. ಸತ್ತ ಚಿಪ್ಪು ಅದರಲ್ಲೇ ಬಿದ್ದಿತ್ತು. ಬೆನ್ನಿನ ಮೇಲೆ ಇಕ್ಕಳದ ಹಲ್ಲಿನ ಗುರುತು, ಕಾಲುಗಳಲ್ಲಿ ತಾಮ್ರದ ಬಳೆ. ಆ ತಟ್ಟೆಯಲ್ಲೇ ಅತ್ತಿಗೆ ಬೇರೆ ಬೋರ್ಡುಗಳಿಂದ ತೆಗೆದ ಸತ್ತ ಚಿಪ್ಪುಗಳೂ ಇದ್ದವು. ಅವುಗಳ ಕಾಲಿಗೆ ಹೊಸ ಬೆಸುಗೆಯ ಹೊಳಪು ತೆಳ್ಳಗೆ ಅಂಟಿತ್ತು. ಈ ಒಂದರ ಕಾಲಿಗೆ ಮಾತ್ರ ಬೂದು ಬಣ್ಣದ ಹಳೆ ಬೆಸುಗೆ, ಹೊಸದರ ಒಂದು ಹನಿಯೂ ತಾಗಿರಲಿಲ್ಲ. ಮೇಡಂ ಒಂದನ್ನೂ ಇನ್ನೊಂದನ್ನೂ ಎತ್ತಿ ನೋಡಿದರು. ಅಣ್ಣನ ಕಡೆ ನೋಡಲೇ ಇಲ್ಲ. ಸೋಮವಾರ ಬನ್ನಿ ಎಂದು ಅತ್ತಿಗೆಗೆ ಹೇಳಿ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

ಅತ್ತಿಗೆ ಸೋಮವಾರ ಹೋದಳು. ಹೋಗುವಾಗ ಆ ಕೆಂಪು ಉಂಡೆ ಚೀಲಕ್ಕೆ ಹಾಕಿಕೊಂಡಳು. ಗಂಡನ ಮರ್ಯಾದೆ ಬೀದಿಗೆ ಬಂತು ಎಂದು ಅಮ್ಮ ಎರಡು ಹೊತ್ತು ಊಟ ಬಿಟ್ಟಳು. ಅದನ್ನು ಬೀದಿಗೆ ತಂದವನು ನಿನ್ನ ಮಗ, ಅವನನ್ನು ಕೇಳು ಎನ್ನದೆ ನಾನೂ ಸುಮ್ಮನಿರಲಿಲ್ಲ. ಅಣ್ಣ ಈಗ ಗಿರಾಕಿಗಳಿಗೆ ಹೇಳುವ ಹೊಸ ಮಾತು, ‘ಅವಳಿಗೆ ಕಲಿಸಿದವನು ನಾನೇ.’ ನಾಮಫಲಕ ಹಾಗೇ ಇದೆ. ಬೀದಿಯವರು ಇನ್ನೂ ಡಾಕ್ಟರ್ ಎನ್ನುತ್ತಾರೆ, ನಾಚಿಕೆಯಿಲ್ಲದೆ ಅವನೂ ತಿರುಗಿ ನೋಡುತ್ತಾನೆ.

ಮೊನ್ನೆ ಸಂಗ್ರಹಾಲಯಕ್ಕೆ ಹೋಗಿದ್ದೆ. ಅತ್ತಿಗೆಯ ಮೇಜಿನ ಮೇಲೆ ಮಗುಚಿಟ್ಟ ಬೋರ್ಡು, ಅದರ ತುಂಬ ಹಸಿರು. ಆಕೆಯೇ ಹಿಂದೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಎಳೆದದ್ದು. ಈಗ ಕೈಯಲ್ಲಿ ಕೆಂಪು ಉಂಡೆ ಇದೆ, ಕೇಳುವವರಿಲ್ಲ, ಈ ಹಸಿರನ್ನೆಲ್ಲ ಕಿತ್ತು ಕೆಂಪು ಹಾಕಿಬಿಡಿ ಅತ್ತಿಗೆ ಎಂದೆ. ಆಕೆ ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ಒಂದೊಂದು ಬೆಸುಗೆಯನ್ನೂ ನೋಡುತ್ತಾ ಹೋದಳು.

“ಎಲ್ಲಾ ಗಟ್ಟಿಯಾಗಿದೆ ಕಣೇ,” ಎಂದಳು. “ಗಟ್ಟಿ ಇರೋದನ್ನ ಯಾಕೆ ಸುಮ್ನೆ ಮತ್ತೆ ಬಿಸಿ ಮಾಡೋದು?”

ಆಕೆ ಬಿಡಬಹುದು. ನಾನು ಬಿಡುವವಳಲ್ಲ.